ಆಯಿಯ ಎಡ ಅಂಗೈ

೧೨ ಜನವರಿ ೨೦೦೪, ಸೋಮವಾರ
ರಾಣೆಬೆನ್ನೂರು

ಇವತ್ತೂ ಆಸ್ಪತ್ರೆಯ ಕಬ್ಬಿಣದ ಕುರ್ಚಿಯಲ್ಲಿಯೇ ಬೆಳಗಾಯಿತು, ಅಲ್ಲಿಯೇ ಸಂಜೆಯೂ ಆಯಿತು. ಆಯಿ, ಅಪ್ಪನ ತಾಯಿ, ಇನ್ನೂ ಕಣ್ಣು ತೆರೆದಿಲ್ಲ. ಮೂಗಿನಲ್ಲಿ ನಳಿಗೆ, ಬಲಗೈಗೆ ಸಲಾಯಿನ್. ಎಡಗೈ ಮಾತ್ರ ಯಾರೋ ಮರೆತು ಹೋದ ವಸ್ತುವಿನಂತೆ ಹಾಸಿಗೆಯ ಅಂಚಿನಲ್ಲಿ ಬಿದ್ದಿದೆ. ಶನಿವಾರ ಮುಂಜಾನೆ ಪೂಜೆಗೆ ಕುಳಿತಿದ್ದಾಗಲೇ ಲಕ್ವಾ ಹೊಡೆಯಿತು. ಏನೋ ಉರುಳಿದ ಸದ್ದು ಕೇಳಿ ಅವ್ವ ಅಡುಗೆಮನೆಯಿಂದ ಓಡಿ ಬಂದಾಗ ಆಯಿ ಗೋಡೆಗೆ ವಾಲಿದ್ದಳಂತೆ; ಅಂಗೈಯಲ್ಲಿದ್ದ ಇಷ್ಟಲಿಂಗ ಜಾರಿ ಮಣೆಯ ಕೆಳಗೆ ಸೇರಿತ್ತಂತೆ.

ನೋಡಲು ಬಂದವರಿಗೆಲ್ಲ ಈ ಒಂದು ವಿವರವೇ ಸಾಕಾಗಿದೆ. ನೆರೆಮನೆಯ ಮಂಗಳವ್ವ, "ಲಿಂಗ ಕೈಯಾಗಿದ್ದಾಗ ಆತಂದ್ರ ಪುಣ್ಯವಂತಿ ಬಿಡ್ರಿ" ಎಂದಳು. ಅದರ ಹಿಂದೆಯೇ ಅಪ್ಪನ ಸೋದರತ್ತೆಯ ಮಗ, "ಪೂಜಾದಾಗ ಏನೋ ತಪ್ಪ ನಡೆದಿರಬೇಕು" ಎಂದ. ಒಂದೇ ಘಟನೆ, ಪರಸ್ಪರ ವಿರುದ್ಧವಾದ ಎರಡು ತೀರ್ಮಾನ, ಇಬ್ಬರಿಗೂ ಪೂರ್ಣ ಸಮಾಧಾನ. ನನಗೆ ತಡೆಯಲಾಗಲಿಲ್ಲ.

"ರಕ್ತ ಹೆಪ್ಪುಗಟ್ಟಿದ್ದು ಮೆದುಳಿನ ಬಲಭಾಗದಾಗರಿ. ಯಾವ ಕೈಯಾಗ ಏನಿತ್ತು ಅನ್ನೋದು ಅದಕ್ಕ ಗೊತ್ತಿರಂಗಿಲ್ಲ" ಎಂದೆ.

"ನೀ ಭಾಳ ಓದೀದಿ ತಂಗಿ, ನಿನಗ ಗೊತ್ತಿರತೈತಿ" ಎಂದು ಮಂಗಳವ್ವ ರೋಗಿಗೆಂದು ತಂದ ಬಾಳೆಹಣ್ಣನ್ನು ಸುಲಿದು ತಾನೇ ತಿಂದಳು.

ಧಾರವಾಡದಿಂದ ತಂದ ಪುಸ್ತಕಗಳು ಚೀಲದಲ್ಲಿಯೇ ಇವೆ. ಪಿಎಚ್.ಡಿ. ಪ್ರವೇಶಕ್ಕೆ 'ಬುದ್ಧಿ ಮತ್ತು ಶ್ರದ್ಧೆ' ಪ್ರಬಂಧವನ್ನು ಮಾರ್ಚ್ ಒಳಗೆ ಮುಗಿಸಬೇಕು. ಮೊದಲ ವಾಕ್ಯವೊಂದು ಸಿದ್ಧವಾಗಿದೆ: 'ಶ್ರದ್ಧೆಯೆಂದರೆ ಸಾಕಷ್ಟು ಆಧಾರವಿಲ್ಲದ ಹೇಳಿಕೆಯೊಂದಕ್ಕೆ ಬುದ್ಧಿಯು ಕೊಡುವ ಒಪ್ಪಿಗೆ.' ಒಪ್ಪಬಹುದು, ಇಲ್ಲವೇ ಒಪ್ಪದಿರಬಹುದು, ಮೂರನೆಯದು ಇಲ್ಲ. ತತ್ವಶಾಸ್ತ್ರದಲ್ಲಿ ಮೊದಲ ರ್‍ಯಾಂಕು ಪಡೆದವಳು ಬರೆಯಬೇಕಾದ ವಾಕ್ಯವೇ ಇದು ಎಂದು ನನಗನಿಸುತ್ತದೆ. ಇಲ್ಲಿನ ವಾರ್ಡಿನಲ್ಲಿ ಅದನ್ನು ಯಾರಿಗೂ ಓದಿ ಹೇಳುವಂತಿಲ್ಲ, ಅಷ್ಟೆ.

೧೫ ಜನವರಿ
ರಾಣೆಬೆನ್ನೂರು

ಸಂಕ್ರಾಂತಿ ಬಂದು ಹೋದದ್ದು ನರ್ಸು ಕೊಟ್ಟ ಎಳ್ಳು-ಬೆಲ್ಲದಿಂದ ತಿಳಿಯಿತು.

ಆಯಿಗೆ ಎಚ್ಚರವಾಗಿದೆ. ಮಾತು ತೊದಲುತ್ತದೆ, ಆದರೆ ಅರ್ಥವಾಗುತ್ತದೆ. ಮೊದಲು ಕೇಳಿದ್ದು: "ನನ್ನ ಎಡಗೈ ಎಲ್ಲೈತಿ?" ನಾನು ಅದನ್ನು ಎತ್ತಿ ಅವಳ ಕಣ್ಣ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿ, "ಇದು ನಂದಲ್ಲ, ತಗಿ" ಎಂದಳು. ಇಂಥ ಲಕ್ವಾದಲ್ಲಿ ಇದು ಸಾಮಾನ್ಯವೆಂದು ವೈದ್ಯರು ವಿವರಿಸಿದರು. ಅಪ್ಪ ಹೊರಗೆ ಹೋಗಿ ನಿಂತರು.

೨೦ ಜನವರಿ
ಬ್ಯಾಡಗಿ

ನಿನ್ನೆ ಮನೆಗೆ ಕರೆತಂದೆವು. ಪೇಟೆಯ ತುಂಬ ಮೆಣಸಿನಕಾಯಿ. ಗಾಳಿಯೇ ಕೆಂಪಗಾಗಿ ಮನೆಯೊಳಗೂ ಕೆಮ್ಮು. ನುಂಗಲು ಬರುತ್ತದೆ ಎಂದು ಖಾತ್ರಿಯಾದ ಮೇಲೆಯೇ ವೈದ್ಯರು ನಳಿಗೆ ತೆಗೆದು ಕಳಿಸಿದ್ದಾರೆ. ಸಕ್ಕರೆ ಕಾಯಿಲೆಯವಳು, ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ಗುಳಿಗೆ ನುಂಗಲೇಬೇಕು. ಇದನ್ನು ನಾನೇ ಅವ್ವನಿಗೆ ಎರಡು ಸಲ ತಿಳಿಸಿ ಹೇಳಿದ್ದೆ. ಮುಂಜಾನೆ ಅವ್ವ ಗಂಜಿ ತಂದಳು.

"ಅತ್ತ್ಯಾರ, ಎರಡ ಗುಟುಕ ತಗೋರಿ."

"ಪೂಜಾ ಆಗಿಲ್ಲ."

"ಪತ್ರಿ, ವಿಭೂತಿ ಎಲ್ಲಾ ತಯಾರ ಇಟ್ಟೇನಿ. ಮಾಡ್ರಿ ಹಂಗಾರ."

"ಮಾಡಂಗಿಲ್ಲ."

ಆಯಿ ಪೂಜೆಯಿಲ್ಲದೆ ನೀರು ಸಹ ಮುಟ್ಟಿದವಳಲ್ಲ. ನಮ್ಮ ಮನೆಯಲ್ಲಿ ಗಡಿಯಾರ ಕೆಟ್ಟರೂ ಅವಳ ಪೂಜೆ ನಿಂತದ್ದಿಲ್ಲ. ಅವ್ವ ಬಟ್ಟಲು ಹಿಡಿದು ಬಾಗಿಲಲ್ಲಿಯೇ ನಿಂತಳು. ಅಪ್ಪ ಅಂಗಡಿಗೆ ಹೊರಟವರು ಮೆಟ್ಟಿಲಿನಿಂದ ಹಿಂದಿರುಗಿ, "ಯಾಕ ಯವ್ವಾ?" ಎಂದು ಕೇಳಿದರು.

"ಮದುವಿ ಆದಾಗಿಂದ ಈ ಕೈಯಾಗ ಕುಂದರಿಸಿಕೊಂಡೆ. ಕುಂತ ಕೈನ ತಗೊಂಡ. ಬಲಗೈ ಇತ್ತು, ಕಾಲಿದ್ವು. ಒಂದ ಕಿವಿ ಹೆಂಗೂ ಕೇಳತಿದ್ದಿಲ್ಲ, ಅದನ್ನರ ಒಯ್ಯಬಹುದಿತ್ತು. ಎಲ್ಲಾ ಬಿಟ್ಟು ಇದನ್ನ ಆರಿಸಿದ. ಅವಂಗ ನಾ ಇನ್ನ ಮಾತಾಡ್ಸಂಗಿಲ್ಲ."

ದೇವರು ಒಳ್ಳೆಯವನೂ ಬಲ್ಲಿದನೂ ಆಗಿದ್ದರೆ ಕೇಡು ಏಕಿದೆ ಎಂಬ ಪ್ರಶ್ನೆಗೆ ನಾನು ಪರೀಕ್ಷೆಯಲ್ಲಿ ಹನ್ನೊಂದು ಪುಟ ಬರೆದಿದ್ದೆ. ತರಗತಿಯಲ್ಲಿ ಅತಿ ಹೆಚ್ಚು ಅಂಕ ಅದಕ್ಕೇ ಬಂದಿತ್ತು. ಆಯಿ ಅದನ್ನು ತೊದಲು ನಾಲಗೆಯಲ್ಲಿ ಆರು ವಾಕ್ಯಗಳಲ್ಲಿ ಮುಗಿಸಿದಳು. ನನಗೆ ಸಂತೋಷವಾಗಬೇಕಿತ್ತು. ಗಂಜಿ ತಣ್ಣಗಾಗಿ ಕೆನೆಗಟ್ಟಿತು.

೨೧ ಜನವರಿ

ನಿನ್ನೆಯಿಡೀ ಏನನ್ನೂ ಮುಟ್ಟಲಿಲ್ಲ. ಇಂದು ಮುಂಜಾನೆ ನಾನೇ ಕುಳಿತು ಕ್ರಮವಾಗಿ ಮಾತಾಡಿದೆ. ಅವ್ವನ ಅಳು, ಅಪ್ಪನ ಗೋಗರೆತಗಳಿಂದ ಆಗದ್ದು ತರ್ಕದಿಂದ ಆಗುತ್ತದೆಂಬ ಭರವಸೆಯಿತ್ತು.

"ಆಯಿ, ಒಂದ ಮಾತ ಹೇಳು. ಅವ ಅದಾನೋ, ಇಲ್ಲೋ?"

"ಯಾರು?"

"ದೇವರು."

"ಇಲ್ಲದವನ ಮ್ಯಾಲೆ ಯಾರರ ಸಿಟ್ಟಾಗ್ತಾರೇನ ಹುಚ್ಚಿ?"

"ಅದಾನ ಅಂದ್ರ ಪೂಜಾ ಮಾಡು."

"ಮಾಡಂಗಿಲ್ಲ."

"ಪೂಜಾ ಬ್ಯಾಡಂದ್ರ ಅವನ ನೇಮಾನೂ ಬ್ಯಾಡ. ಉಣ್ಣು."

"ನೇಮ ಅವಂದಲ್ಲ, ನಂದು."

ಇಲ್ಲಿಗೆ ನನ್ನ ಕ್ರಮ ತಪ್ಪಿತು. ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಲೇಬೇಕೆಂದು ನಾನು ಕಟ್ಟಿದ ಕವಲಿನ ನಡುವೆ ಆಯಿ ಹಾಯಾಗಿ ಮಲಗಿದ್ದಳು.

"ಮಾತ ಬಿಟ್ಟೇನಿ, ನಂಟ ಬಿಟ್ಟಿಲ್ಲ" ಎಂದಳು. "ನಿಮ್ಮ ಮುತ್ಯಾನ ಜೋಡೀನೂ ಒಂದ ಸುಗ್ಗಿಯಿಂದ ಇನ್ನೊಂದ ಸುಗ್ಗೀತನಕ ಮಾತ ಬಿಟ್ಟಿದ್ದೆ. ರೊಟ್ಟಿ ಬಡಿದು ಹಾಕೋದ ಬಿಟ್ಟಿದ್ದೆನೇನ?"

ಹೋಲಿಕೆಯಲ್ಲಿ ದೋಷವಿತ್ತು, ಬಿಡಲಿಲ್ಲ. "ಹಂಗಾರ ಇವಂಗೂ ರೊಟ್ಟಿ ಹಾಕು. ಮಾತಾಡಬ್ಯಾಡ, ಪೂಜಾ ಮಾಡು."

"ಮುತ್ಯಾ ನನ್ನ ಕೈ ಮುರದಿರಲಿಲ್ಲ."

ಸಂಜೆ ಅಪ್ಪ ಮಠದ ಅಯ್ಯನವರನ್ನು ಕರೆತಂದರು. ಅವರು ಹಾಸಿಗೆಯ ಪಕ್ಕ ಕುಳಿತು ಮೆತ್ತಗೆ, "ಹಿಂದಿನ ಜನ್ಮದ ಕರ್ಮ ತಾಯಿ, ಸವೆಸಬೇಕು" ಎಂದರು.

"ಹಿಂದಿಂದು ನಂಗ ನೆನಪಿಲ್ಲರಿ ಅಯ್ಯಾರ. ನಿಮಗ ನಿಮ್ಮದು ನೆನಪೈತೇನ್ರಿ?" ಎಂದಳು ಆಯಿ. "ಎದಕ್ಕ ಹೊಡದೆ ಅಂತ ಹೇಳದ ಹೊಡಿಯೋ ಮಾಸ್ತರ ಎಂಥಾ ಮಾಸ್ತರ?"

ಅಯ್ಯನವರು ಚಹಾದ ಬಟ್ಟಲನ್ನು ಅರ್ಧಕ್ಕೆ ಬಿಟ್ಟು ಎದ್ದರು. ನಾನು ಅಡುಗೆಮನೆಗೆ ಹೋಗಿ ನಕ್ಕೆ. ಒಲೆಯ ಪಕ್ಕದಲ್ಲಿ ಮುಂಜಾನೆಯ ಗಂಜಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ನಗು ಅಲ್ಲಿಗೇ ನಿಂತಿತು.

೨೩ ಜನವರಿ

ನಿನ್ನೆಯ ಗುರುವಾರದ ಪೇಟೆಗೂ ಅಪ್ಪ ಹೋಗಲಿಲ್ಲ. ಮೂರು ದಿನದಿಂದ ಸಲಾಯಿನ್ ಹಚ್ಚುತ್ತಿರುವ ಡಾಕ್ಟರಿಗೆ ಈಗ ನರ ಸಿಗುತ್ತಿಲ್ಲ, ಚುಚ್ಚಿದಲ್ಲೆಲ್ಲ ಕಂದಿದೆ. ನಾಳೆಯೂ ಉಣ್ಣದಿದ್ದರೆ ಮತ್ತೆ ರಾಣೆಬೆನ್ನೂರು, ಮತ್ತೆ ನಳಿಗೆ, ಅದಾದ ಮೇಲೆ ತಾನು ಏನನ್ನೂ ಹೇಳಲಾರೆ ಎಂದು ಹೋದರು.

"ಒಯ್ರಿ. ಕಿತ್ತೊಗಿತೀನಿ" ಎಂದಳು ಆಯಿ. ದನಿ ಗಂಟಲಿನಿಂದ ಹೊರಗೆ ಬರುತ್ತಿಲ್ಲ.

ಬರೆಯಲು ಶಕ್ತಿಯಿಲ್ಲ.

೨೪ ಜನವರಿ

ನೇಮ ಅವಳದೇ ಆಗಿದ್ದರೆ ಅದರ ಒಳಗಿನಿಂದಲೇ ದಾರಿ ತೆಗೆಯಬೇಕೆಂದು ನಾನು ನಿರ್ಧರಿಸಿದ್ದೆ. ಊಟಕ್ಕೆ ಮೊದಲು ಲಿಂಗಕ್ಕೆ ಪೂಜೆ ಸಲ್ಲಬೇಕು, ಇಷ್ಟೇ ನೇಮ. ಯಾರ ಕೈಯಿಂದ ಎಂಬುದು ಅದರಲ್ಲಿಲ್ಲ. ಅಪ್ಪ ಊರಲ್ಲಿಲ್ಲದ ದಿನ ಅಂಗಡಿಯ ಆಳು ಗೂಡುಸಾಬ ಮೆಣಸಿನಕಾಯಿ ಚೀಲ ತೂಗಿಸುತ್ತಾನೆ, ಆದರೆ ವ್ಯಾಪಾರ ಅಪ್ಪನದೇ ಆಗುತ್ತದೆ. ಹಾಗೆಯೇ ಇದೂ ಎಂದುಕೊಂಡೆ. ನನ್ನ ಲಿಂಗವನ್ನು ಎಂ.ಎ. ಮೊದಲ ವರ್ಷದಲ್ಲಿಯೇ ಕೊರಳಿನಿಂದ ತೆಗೆದು ಅವ್ವನ ಕೈಗೆ ಕೊಟ್ಟಿದ್ದೇನೆ. ಅದರ ಪ್ರಶ್ನೆ ಇಲ್ಲಿ ಬರುವುದಿಲ್ಲ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ತೂಕ ಕೊಟ್ಟಿರಲಿಲ್ಲ.

ಅವ್ವ ಮೈ ಒರೆಸುವಾಗ ತೆಗೆದಿಟ್ಟ ಬೆಳ್ಳಿಯ ಕರಡಿಗೆಯನ್ನು ಎತ್ತಿಕೊಂಡು ಆಯಿಯ ಎದುರಿಗೇ ಮಣೆ ಹಾಕಿ ಕುಳಿತೆ. ಕರಡಿಗೆ ತೆರೆದು ಲಿಂಗವನ್ನು ನನ್ನ ಎಡ ಅಂಗೈಯಲ್ಲಿ ಇಟ್ಟುಕೊಂಡೆ. ನೀರು ಹಾಕಬೇಕೋ, ವಿಭೂತಿ ಮೊದಲೋ ಎಂದು ಯೋಚಿಸುತ್ತಿದ್ದೆ.

"ಬಿಡು ಅದನ್ನ."

ಇಷ್ಟು ದಿನಗಳಲ್ಲಿ ಕೇಳಿರದ ದನಿ. ಅವ್ವ ತಂಬಿಗೆ ಹಿಡಿದೇ ಒಳಗೆ ಓಡಿ ಬಂದಳು.

"ನಿನ್ನ ಸಲುವಾಗಿ ಮಾಡಾಕತ್ತೇನಿ ಆಯಿ. ಆಮ್ಯಾಲ ನೀ ಉಣ್ಣಬಹುದು."

"ನಂದದು. ಅವಂಗ ಸಿಟ್ಟಾದಾಕಿ ನಾನು. ನಡುವ ನೀ ಯಾರ ಬಂದಾಕಿ? ಕೊಡು ಇಲ್ಲೆ."

ಬಲಗೈಯನ್ನು ಚಾಚಿದ ರಭಸಕ್ಕೆ ಅರ್ಧ ಮೈ ಹಾಸಿಗೆಯಿಂದ ಹೊರಬಂತು. ನಾವಿಬ್ಬರೂ ಸೇರಿ ಎತ್ತಿ ಗೋಡೆಗೆ ಒರಗಿಸಿದೆವು. ಆಯಿ ಲಿಂಗವನ್ನು ನನ್ನಿಂದ ಕಸಿದು, ಸೆರಗಿನಿಂದ ಒರೆಸಿ, ರೂಢಿಯ ಬಲದಿಂದ ತನ್ನ ಎಡ ಅಂಗೈಗೆ ಇಟ್ಟಳು. ಕೈ ವಾಲಿತು. ಲಿಂಗ ಕೌದಿಯ ಮೇಲೆ ಉರುಳಿತು. ಮತ್ತೆ ಇಟ್ಟಳು, ಮತ್ತೆ ಉರುಳಿತು. ಅವಳ ಮುಖ ನೋಡಲಾಗಲಿಲ್ಲ. ಮೂರನೆಯ ಸಲ ಇಡುವ ಮೊದಲೇ ನಾನು ನನ್ನ ಅಂಗೈಯನ್ನು ಅವಳ ಅಂಗೈಯ ಕೆಳಗೆ ತಳ್ಳಿ ಮಟ್ಟಸವಾಗಿ ಹಿಡಿದೆ. ಸತ್ತ ಕೈ ಅಷ್ಟು ಭಾರವಿರುತ್ತದೆಂದು ತಿಳಿದಿರಲಿಲ್ಲ.

"ಅಲ್ಲಾಡಬ್ಯಾಡ" ಎಂದಳು.

ಮಂತ್ರವಿಲ್ಲ, ತುಟಿ ಸಹ ಅಲುಗಲಿಲ್ಲ. ಬಲಗೈಯಿಂದ ನೀರು, ವಿಭೂತಿ, ಒಂದು ಪತ್ರಿ. ಆಮೇಲೆ ರೆಪ್ಪೆ ಬಡಿಯದೆ ಲಿಂಗವನ್ನು ನೋಡುತ್ತ ಕುಳಿತಳು. ವ್ಯಾಜ್ಯ ಹೂಡಿದವರು ಕೋರ್ಟಿನ ಹೊರಗೆ ಎದುರಾಳಿಯನ್ನು ನೋಡುತ್ತಾರಲ್ಲ, ಹಾಗೆ. ನನ್ನ ಭುಜ ಮರಗಟ್ಟಿತು. ಕೊನೆಗೆ ಲಿಂಗದಿಂದ ಕಣ್ಣು ಕೀಳದೆಯೇ ಅವ್ವನಿಗೆ, "ನಿರ್ಮಲಾ, ಗಂಜಿ ಐತೇನ?" ಎಂದಳು.

ಅರ್ಧ ಬಟ್ಟಲು ಕುಡಿದಳು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಹಿತ್ತಲಿಗೆ ಹೋದಳು.

ಪ್ರಾಮಾಣಿಕತೆಗಾಗಿ ನಾನು ಒಂದು ಮಾತನ್ನು ಸ್ಪಷ್ಟಪಡಿಸಬೇಕಿತ್ತು. "ನಾಳಿಂದ ಅವ್ವ ಕೈ ಹಿಡೀಲಿ ಆಯಿ. ನನಗ ಇದರಾಗ ನಂಬಿಕಿ ಇಲ್ಲ. ನಂಬದಾಕಿ ಹಿಡಿದ್ರ ಅದು ಸುಳ್ಳಾಗತೈತಿ."

"ನಂಬು ಅಂತ ನಿನಗ ಅಂದವರ್‍ಯಾರು? ಕೈ ಹಿಡಿ ಅಂದ್ರ ಹಿಡಿ. ನಿಮ್ಮವ್ವನ ಕೈ ನಡಗತಾವ."

೨ ಫೆಬ್ರುವರಿ

ದಿನಗಳು ಒಂದನ್ನೊಂದು ಹೋಲುತ್ತಿವೆ. ಏಳು ಗಂಟೆಗೆ ಪೂಜೆ. ಅದಕ್ಕೆ ಮೊದಲು ಅವಳನ್ನು ಒರೆಸಿ, ಸೀರೆ ಬದಲಿಸಿ, ದಿಂಬುಗಳಿಂದ ಒರಗಿಸಬೇಕು. ಮೊಣಕೈ ಕೆಳಗೆ ಮಡಚಿದ ಕಂಬಳಿ ಇಟ್ಟರೆ ನನ್ನ ಭುಜಕ್ಕೆ ಆರಾಮ. ಅವಳ ಮಣಿಕಟ್ಟನ್ನು ತುಸು ಒಳಕ್ಕೆ ತಿರುಗಿಸಿದರೆ ಅಂಗೈಯಲ್ಲಿ ತಾನಾಗಿ ಕುಳಿ ಬೀಳುತ್ತದೆ, ಲಿಂಗ ಜಾರುವುದಿಲ್ಲ. ಇದು ಶುದ್ಧ ಯಂತ್ರಶಾಸ್ತ್ರ.

ಪ್ರಬಂಧ ಮುಂದುವರಿದಿಲ್ಲ. ನನ್ನ ಮೊದಲ ವಾಕ್ಯದೊಳಗೆ ಆಯಿಯನ್ನು ಕೂರಿಸಿ ನೋಡಿದೆ, ಕೂರುವುದಿಲ್ಲ. ಅವಳು ಯಾವ ಹೇಳಿಕೆಯನ್ನು ಒಪ್ಪಿದ್ದಾಳೆ? ದೇವರು ಒಳ್ಳೆಯವನೆಂಬುದನ್ನು ಒಪ್ಪಿಲ್ಲ. ನ್ಯಾಯವಂತನೆಂಬುದನ್ನಂತೂ ಇಲ್ಲವೇ ಇಲ್ಲ. ಆದರೂ ಏಳಕ್ಕೆ ಕೂರುತ್ತಾಳೆ. ವಾಕ್ಯವನ್ನು ಹೊಡೆದುಹಾಕಿಲ್ಲ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಮೊದಲ ಕೆಲವು ದಿನ ಕೈ ಹಿಡಿದು ಕುಳಿತಾಗ ಮನಸ್ಸಿನಲ್ಲಿಯೇ ಖಂಡನೆಯ ವಾದಗಳನ್ನು ಒಂದರ ನಂತರ ಒಂದು ಜೋಡಿಸುತ್ತಿದ್ದೆ. ಇವತ್ತು ಏನೂ ಹೊಳೆಯಲಿಲ್ಲ. ನಿದ್ದೆ ಸಾಲುತ್ತಿಲ್ಲ.

೧೨ ಫೆಬ್ರುವರಿ

ಜ್ವರ. ಅವ್ವ, "ನೀ ಮಲಕ್ಕೊ, ಇವತ್ತ ನಾ ಹಿಡೀತೀನಿ" ಎಂದಳು. ಸರಿಯೆಂದು ಹೊದ್ದು ಮಲಗಿದೆ. ಗೋಡೆಯಾಚೆಯಿಂದ ಆಯಿಯ ದನಿ: "ಮ್ಯಾಲೆತ್ತು. ಅಷ್ಟಲ್ಲ. ವಾರೆ ಆತು ನೋಡು."

ಅವ್ವನಿಗೆ ಮಣಿಕಟ್ಟಿನ ತಿರುವು ತಿಳಿಯದು. ಕಂಬಳಿ ಇಟ್ಟಳೋ ಇಲ್ಲವೋ. ಎದ್ದು ಹೋದೆ. "ಆ ಕಡೆ ಸರಿ ಅವ್ವ, ನಿನಗ ಬರಂಗಿಲ್ಲ" ಎಂದದ್ದು ಬೇಕಾದದ್ದಕ್ಕಿಂತ ಒರಟಾಗಿತ್ತು. ಅವ್ವ ಎದ್ದು ಜಾಗ ಬಿಟ್ಟಳು.

"ಕೈ ಸುಡಾಕತ್ತೈತಿ" ಎಂದಳು ಆಯಿ.

"ನಿನ್ನ ಕೈಗೆ ತಿಳಿಯಂಗಿಲ್ಲಲ್ಲ."

"ನನ್ನ ಕೈಗೆ ಅಲ್ಲ. ನಿನ್ನ ಮಾರಿ ನೋಡಿದ್ರ ತಿಳೀತೈತಿ."

ಲಿಂಗ ಉರುಳಿದ್ದರೆ ಆಯಿ ಮತ್ತೆ ಊಟ ಬಿಡುವ ಅಪಾಯವಿತ್ತು. ಹಾಗಾಗಿ ನಾನು ಎದ್ದು ಹೋದದ್ದು ಸಮರ್ಥನೀಯ.

೧೮ ಫೆಬ್ರುವರಿ, ಶಿವರಾತ್ರಿ

ಮನೆಯವರೆಲ್ಲ ಉಪವಾಸ. ಪೂಜೆ ಮುಗಿದೊಡನೆ ಆಯಿ ಎಂದಿನಂತೆ ಗಂಜಿ ಕೇಳಿದಳು. ಅಪ್ಪ ಮೆಲ್ಲಗೆ, "ಯವ್ವಾ, ಇವತ್ತ ಶಿವರಾತ್ರಿ" ಎಂದರು.

"ಗೊತ್ತೈತಿ ಮಗನ ಪ್ರಭುಲಿಂಗ. ಹೋದ ತಿಂಗಳ ಅವನ ದೆಸಿಂದ ಉಪಾಸ ಬಿದ್ದೇನಲ್ಲ, ಅದನ್ನ ಇದಕ್ಕ ವಜಾ ಹಾಕ್ಕೋಳಲಿ."

ಅಪ್ಪ ನಕ್ಕದ್ದನ್ನು ಈ ವರ್ಷ ಮೊದಲ ಸಲ ನೋಡಿದೆ. ಆಯಿಯೂ ಬಾಯಿಯ ಒಂದೇ ಬದಿಯಿಂದ ನಕ್ಕಳು. ನಾನು ಗಂಜಿ ಕುಡಿಸಿದೆ. ನನಗೆ ಹಸಿವಿರಲಿಲ್ಲವಾದ್ದರಿಂದ ನಾನೂ ಏನನ್ನೂ ತಿನ್ನಲಿಲ್ಲ.

ಇವತ್ತಿನ ಪೂಜೆಯಲ್ಲಿ ಆಯಿ ಮಾತಾಡಿದಳು. ಮಂತ್ರವಲ್ಲ. ಲಿಂಗವನ್ನು ನೋಡುತ್ತ, ಬಹಳ ಕೆಳದನಿಯಲ್ಲಿ, "ನಿನಗೂ ಸಾಕಾಗೇತೇನ? ನಂಗಂತೂ ಸಾಕಾಗೇತಿ" ಎಂದಳು. ಬೇರೆಯವರ ಮಾತು ಕದ್ದು ಕೇಳಿದಂತೆನಿಸಿ ಮುಖ ತಿರುಗಿಸಿದೆ. ಕೈ ಮಾತ್ರ ಅಲ್ಲಾಡಿಸಲಿಲ್ಲ.

೫ ಮಾರ್ಚ್
ಹಾವೇರಿ, ಮತ್ತೆ ಬ್ಯಾಡಗಿ

ಪಿಎಚ್.ಡಿ. ಅರ್ಜಿಯ ಅವಧಿ ಮುಗಿಯಿತು, ಪ್ರಬಂಧ ಕಳಿಸಲಾಗಲಿಲ್ಲ. ಮುಂದಿನ ವರ್ಷ ನೋಡಬೇಕು. ಹಾವೇರಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸಲು ಜೂನ್ ತಿಂಗಳಿಂದ ಒಬ್ಬರು ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದ್ದೆ. ಇವತ್ತು ಹನ್ನೊಂದಕ್ಕೆ ಸಂದರ್ಶನ. ಪೂಜೆ ಮುಗಿಸಿ, ಆಯಿಗೆ ಗುಳಿಗೆ ಕೊಟ್ಟು ಬಸ್ಸು ಹಿಡಿದೆ.

ಮೇಜಿನಾಚೆ ಮೂವರಿದ್ದರು. ಅಂಕಪಟ್ಟಿ ನೋಡಿ ಪ್ರಾಚಾರ್ಯರ ಹುಬ್ಬು ಮೇಲೇರಿತು. ಅದು ನನಗೆ ಅಭ್ಯಾಸವಾದ ದೃಶ್ಯ. ಬುದ್ಧಿಗೂ ಶ್ರದ್ಧೆಗೂ ಏನು ಸಂಬಂಧವೆಂದು ಮಧ್ಯದಲ್ಲಿದ್ದ ಹಿರಿಯರು ಕೇಳಿದರು. ಬಲ್ಲ ಉತ್ತರವನ್ನೆಲ್ಲ ಕ್ರಮವಾಗಿ ಹೇಳಿದೆ. ಯಾರು ಏನೆಂದು ವಾದಿಸಿದರು, ಪ್ರತಿವಾದವೇನು, ಎಲ್ಲವನ್ನೂ. ಹಿರಿಯರು ತಲೆದೂಗಿದರು. ಹೇಳುತ್ತಿದ್ದಾಗ ನನಗೆ ಆಕಳಿಕೆ ಬಂತು, ತಡೆದುಕೊಂಡೆ.

ಪ್ರಾಚಾರ್ಯರು ಕೊನೆಗೆ ಕೇಳಿದರು: "ನಮ್ಮಲ್ಲಿ ತರ್ಕಶಾಸ್ತ್ರದ ತರಗತಿ ಮುಂಜಾನಿ ಎಂಟಕ್ಕ ಇರತೈತ್ರಿ. ಬ್ಯಾಡಗಿಯಿಂದ ಬರಾಕ ಅನುಕೂಲ ಆಗತೈತೇನ್ರಿ?"

"ಎಂಟಕ್ಕ ಆಗಂಗಿಲ್ಲ ಸರ್. ಹತ್ತರ ಮ್ಯಾಲೆ ಬರಬಹುದು."

"ಯಾಕ್ರಿ?"

"ಮುಂಜಾನಿ ಪೂಜಾ ಇರತೈತ್ರಿ."

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹಿರಿಯರ ಮುಖ ಅರಳಿತು. "ಇಷ್ಟ ಓದಿಯೂ ಪೂಜಾ ಬಿಟ್ಟಿಲ್ಲ ಅಂದ್ರ ಭಾಳ ದೊಡ್ಡ ಮಾತು. ಈಗಿನ ಹುಡುಗ್ಯಾರು ಕೊರಳಾಗಿನ ಲಿಂಗಾನ ತಗದಿಡತಾರ" ಎಂದರು. ಪ್ರಾಚಾರ್ಯರು ಮಾತ್ರ ವೇಳಾಪಟ್ಟಿಯ ಹಾಳೆಯನ್ನು ಮಡಚುತ್ತ, ಎಂಟು ಗಂಟೆಯನ್ನು ಬದಲಿಸಲಾಗುವುದಿಲ್ಲವೆಂದೂ ವಿಚಾರ ಮಾಡಿ ತಿಳಿಸುವುದಾಗಿಯೂ ಹೇಳಿದರು.

ನಾನು ಅಲ್ಲಿಯೇ ತಿದ್ದಬಹುದಿತ್ತು. ಪೂಜೆ ನನ್ನ ಆಯಿಯದು, ನಾನು ಅವಳ ಕೈಗೆ ಆಸರೆ ಮಾತ್ರ, ನನಗೆ ಸ್ವತಃ ನಂಬಿಕೆಯಿಲ್ಲ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಆ ವಾಕ್ಯವನ್ನು ಕಟ್ಟುತ್ತ ಕುಳಿತಿದ್ದೆ. ಈಗ ಅದು ಎಲ್ಲ ದೋಷಗಳಿಂದ ಮುಕ್ತವಾಗಿದೆ. 'ಆಯಿಯ' ಎಂಬ ಒಂದು ಪದವನ್ನು ಅಲ್ಲಿ ಏಕೆ ಬಿಟ್ಟೆನೆಂಬುದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ. ದಣಿವೇ ಇರಬೇಕು.

ಮನೆಗೆ ಬಂದಾಗ ಆಯಿ ಎಚ್ಚರವಿದ್ದಳು.

"ಏನಾತು ಬಂಗಾರದ ಪದಕದಾಕಿ? ನೌಕರಿ ಸಿಕ್ಕತೇನ?"

"ಸಿಗೋದ ಕಷ್ಟ. ಎಂಟಕ್ಕ ಬಾ ಅಂದ್ರು. ಪೂಜಾ ಐತಿ ಅಂದೆ."

"ನಿನ್ನ ಸಲುವಾಗಿ ನಾ ಅವಂಗ ಏನೂ ಕೇಳಂಗಿಲ್ಲ ನೋಡು. ನಮ್ಮಿಬ್ಬರದು ಇನ್ನೂ ತೀರಿಲ್ಲ. ಬೇಕಾದ್ರ ನೀನ ಕೇಳು."

"ನಂಗ ಕೇಳೋದೇನಿಲ್ಲ" ಎಂದೆ.

"ಬ್ಯಾಡಾದ್ರ ಬಿಡು" ಎಂದು ಕಣ್ಣು ಮುಚ್ಚಿದಳು.

ಅವಳ ಎಡಗೈಯ ಉಗುರುಗಳು ಬೆಳೆದಿವೆ; ಬೆರಳುಗಳು ಮಡಚಿಕೊಂಡಾಗ ಅಂಗೈಗೆ ಒತ್ತಿ ಗುರುತು ಬಿದ್ದಿದೆ. ನೋವಾದರೂ ಅವಳಿಗೆ ತಿಳಿಯುವುದಿಲ್ಲ. ನಾಳೆ ಏಳಕ್ಕೆ ಮೊದಲು ಕತ್ತರಿಸಬೇಕು.